ಚೀನಾದ ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಹೊರಟವರಿಗೆ: ಬಳ್ಳಾರಿ, ರಾಯಚೂರು, ಕೊಪ್ಪಳದವರು ತಿಳಿದಿರಬೇಕಾದ್ದು

ಚೀನಾದಲ್ಲಿ ಕೆಲಸ ಅಂದ ಕೂಡಲೇ ನಮ್ಮ ಕಡೆ ಮೊದಲು ಕೇಳುವುದು ಸಂಬಳ ಎಷ್ಟು ಅಂತ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕುವವರು ಯಾರು? ಅಲ್ಲಿ ವಿದೇಶಿ ಶಿಕ್ಷಕರ ವೀಸಾ, ಮನೆ, ವಿಮೆ, ಬ್ಯಾಂಕ್ ಖಾತೆ ಎಲ್ಲವೂ ಪರ್ಮಿಟ್ ಮಾಡಿಸಿದ ಒಂದೇ ಸಂಸ್ಥೆಗೆ ಗಂಟು ಬಿದ್ದಿರುತ್ತವೆ. ಆ ಸಂಸ್ಥೆ ವಿಶ್ವವಿದ್ಯಾಲಯವೇ ಆಗಿದ್ದರೆ ಬದುಕು ಸಲೀಸು. ನಡುವೆ ಏಜೆನ್ಸಿ ಬಂದು ನಿಂತಿದ್ದರೆ ಸಂಬಳ ತಡವಾದಾಗ, ಮನೆಯ ಹೀಟರ್ ಕೆಟ್ಟಾಗ, ಕೆಲಸ ಬಿಡಬೇಕೆಂದಾಗ ವಿಶ್ವವಿದ್ಯಾಲಯ ಏಜೆನ್ಸಿಯತ್ತ ಕೈ ತೋರಿಸುತ್ತದೆ, ಏಜೆನ್ಸಿ ಫೋನ್ ಎತ್ತುವುದಿಲ್ಲ. ಹಾಗಾಗಿ ಕರಾರಿನಲ್ಲಿ ಉದ್ಯೋಗದಾತ ಅಂತ ಬರೆದ ಹೆಸರು, ಅದರ ಮೇಲೆ ಬಿದ್ದ ದುಂಡನೆಯ ಕೆಂಪು ಮೊಹರು, ವರ್ಕ್ ಪರ್ಮಿಟ್ ಪತ್ರದಲ್ಲಿರುವ ಹೆಸರು, ಈ ಮೂರೂ ಒಂದೇ ಇರಬೇಕು. ಸಹಿ ಮಾತ್ರ ಇದ್ದು ಮೊಹರು ಇಲ್ಲದ ಕಾಗದಕ್ಕೆ ಅಲ್ಲಿ ಬೆಲೆ ಇಲ್ಲ.

ಯಾರಿಗೆ ದಾರಿ ಇದೆ, ಯಾರಿಗೆ ಇಲ್ಲ

ಇಂಗ್ಲಿಷ್ ಭಾಷಾ ಶಿಕ್ಷಕರ ಹುದ್ದೆ ಭಾರತದ ಪಾಸ್‌ಪೋರ್ಟ್‌ಗೆ ಬಹುತೇಕ ಮುಚ್ಚಿದ ಬಾಗಿಲು. ವಿದೇಶಿ ಭಾಷಾ ಶಿಕ್ಷಕರು ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು, ಆ ಭಾಷೆಯ ದೇಶದಲ್ಲೇ ಪದವಿ ಪಡೆದಿರಬೇಕು ಎಂಬುದು ಪರ್ಮಿಟ್ ನಿಯಮ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾದವರಿಗೇ ಆ ಕೆಲಸ ಹೋಗುತ್ತದೆ. "ಬಿಸಿನೆಸ್ ವೀಸಾದಲ್ಲಿ ಹೋಗಿ, ಅಲ್ಲಿ ಹೋದ ಮೇಲೆ ಬದಲಾಯಿಸಿಕೊಡ್ತೀವಿ" ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರವಾಗಿದ್ದರೆ 5ರಿಂದ 15 ದಿನ ಬಂಧನ, ಮೇಲೆ ಗಡೀಪಾರು. ಅಲ್ಲಿ ಸಿಕ್ಕಿಬೀಳುವುದು ಶಿಕ್ಷಕರು, ಇಲ್ಲಿ ಕೂತ ಏಜೆಂಟರಲ್ಲ.

ತೆರೆದಿರುವ ದಾರಿಗಳು ಬೇರೆ. ವಿಷಯ ಬೋಧಕರಿಗೆ, ಸಂಶೋಧಕರಿಗೆ ಭಾಷೆಯ ನಿಯಮ ಅಡ್ಡ ಬರುವುದಿಲ್ಲ. ಚೀನಾದ ವೈದ್ಯಕೀಯ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ಎಂಬಿಬಿಎಸ್ ನಡೆಸುತ್ತವೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಔಷಧಶಾಸ್ತ್ರ ಕಲಿಸಲು ಭಾರತೀಯರನ್ನು ತೆಗೆದುಕೊಂಡ ಉದಾಹರಣೆ ಸಾಕಷ್ಟಿವೆ. ಎಂಜಿನಿಯರಿಂಗ್, ಕಂಪ್ಯೂಟರ್ ವಿಜ್ಞಾನದವರಿಗೂ ಅವಕಾಶ ಉಂಟು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದವರು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಕಡೆ ನೋಡಬೇಕು. ಹತ್ತಿಯ ಮೇಲೆ ಕೆಲಸ ಮಾಡಿದವರಿಗೆ ಹೆನಾನ್ ಪ್ರಾಂತ್ಯದ ಆನ್‌ಯಾಂಗ್‌ನಲ್ಲಿ ರಾಷ್ಟ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಇದೆ, ಭತ್ತದವರಿಗೆ ಹಾಂಗ್‌ಜೌನಲ್ಲಿ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ, ವುಹಾನ್ ಮತ್ತು ನಾನ್‌ಜಿಂಗ್‌ನಲ್ಲಿ ದೊಡ್ಡ ಕೃಷಿ ವಿಶ್ವವಿದ್ಯಾಲಯಗಳಿವೆ. ಯೋಗ ಓದಿದವರಿಗೆ ಕುನ್‌ಮಿಂಗ್‌ನ ಯುನ್ನಾನ್ ಮಿನ್‌ಜು ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಶುರುವಾದ ಭಾರತ-ಚೀನಾ ಯೋಗ ಕಾಲೇಜು ಗೊತ್ತಿರಲಿ.

ಪರ್ಮಿಟ್‌ನಲ್ಲಿ ಎ, ಬಿ, ಸಿ ಅಂತ ಮೂರು ವರ್ಗ. ಹೆಚ್ಚಿನ ಬೋಧಕರು ಬಿ ವರ್ಗಕ್ಕೆ ಬರುತ್ತಾರೆ: ಪದವಿ, ಸಂಬಂಧಪಟ್ಟ ಕ್ಷೇತ್ರದಲ್ಲಿ 2 ವರ್ಷ ಅನುಭವ, 60 ವರ್ಷದೊಳಗಿನ ವಯಸ್ಸು. ನಮ್ಮ ಭಾಗದ ಅತಿಥಿ ಉಪನ್ಯಾಸಕರು ತೊಡಕಿಗೆ ಸಿಲುಕುವುದು ಇಲ್ಲೇ. ಐದಾರು ವರ್ಷ ಪಾಠ ಮಾಡಿದ್ದರೂ ಆದೇಶ ಸೆಮಿಸ್ಟರ್ ಸೆಮಿಸ್ಟರ್‌ಗೆ ಬೇರೆ, ನಡುವೆ ಎರಡು ಮೂರು ತಿಂಗಳ ಖಾಲಿ. ಚೀನಾದ ಅಧಿಕಾರಿ ಕಾಗದದಲ್ಲಿರುವ ತಿಂಗಳುಗಳನ್ನಷ್ಟೇ ಕೂಡಿಸುತ್ತಾರೆ. ಆದ್ದರಿಂದ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದೇ ಅನುಭವ ಪತ್ರ ಮಾಡಿಸಿಕೊಳ್ಳಿ: ಪ್ರತಿ ಅವಧಿಯ ಆರಂಭ ಮತ್ತು ಕೊನೆಯ ದಿನಾಂಕ, ಬೋಧಿಸಿದ ವಿಷಯ, ಹುದ್ದೆ, ಪ್ರಾಂಶುಪಾಲರ ಸಹಿ, ಮೊಹರು, ದೂರವಾಣಿ, ಇಮೇಲ್. ಖಾಲಿ ಬಿಟ್ಟು ಕೂಡಿಸಿದರೂ 24 ತಿಂಗಳು ದಾಟಬೇಕು. ಆ ಫೋನ್ ನಂಬರ್‌ಗೆ ನಿಜವಾಗಿಯೂ ಕರೆ ಬರಬಹುದು, ಆಫೀಸಿನವರಿಗೆ ಮೊದಲೇ ಹೇಳಿಡಿ.

ಹೆಸರು ಒಂದೇ ಇರಬೇಕು

ಅರ್ಜಿ ಬಿದ್ದುಹೋಗುವ ಅತಿ ದೊಡ್ಡ ಕಾರಣ ಹೆಸರಿನ ವ್ಯತ್ಯಾಸ. ಎಸ್ಸೆಸ್ಸೆಲ್ಸಿಯಲ್ಲಿ "ಬಸವರಾಜ ಎಚ್.", ಪದವಿಯಲ್ಲಿ "ಬಸವರಾಜ ಹಿರೇಮಠ", ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಕಾಲಂ ಖಾಲಿ. ನಮಗೆ ಮೂರೂ ಒಬ್ಬರೇ ಅಂತ ಗೊತ್ತು, ಅಲ್ಲಿನ ಕಂಪ್ಯೂಟರ್‌ಗೆ ಮೂವರು ಬೇರೆ. ಮೊದಲು ಪಾಸ್‌ಪೋರ್ಟ್ ಸರಿಪಡಿಸಿ, ಸರ್‌ನೇಮ್ ತುಂಬಿಸಿ. ಪದವಿ ಪತ್ರದಲ್ಲಿ ಇನಿಷಿಯಲ್ ಇದ್ದರೆ ಒಂದೇ ವ್ಯಕ್ತಿ ಎಂಬ ಅಫಿಡವಿಟ್ ಮಾಡಿಸಿ ಅದನ್ನೂ ದೃಢೀಕರಣಕ್ಕೆ ಸೇರಿಸಿ. ಊರಿನ ಹೆಸರೂ ತಕರಾರು ತರುತ್ತದೆ: 2014ರ ನವೆಂಬರ್ 1ರಂದು ಇಂಗ್ಲಿಷ್‌ನಲ್ಲಿ ಬೆಲ್ಲರಿ ಹೋಗಿ ಬಳ್ಳಾರಿ ಬಂತು. ಜನನ ಪ್ರಮಾಣಪತ್ರ ಹಳೆಯ ಕಾಗುಣಿತದಲ್ಲಿ, ಪಾಸ್‌ಪೋರ್ಟ್ ಹೊಸದರಲ್ಲಿ ಇದ್ದರೆ ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆಯಿರಿ, ಎಲ್ಲ ಕಡೆಯೂ ಅದನ್ನೇ.

ಪದವಿ ಕೊಟ್ಟ ವಿಶ್ವವಿದ್ಯಾಲಯ ಯಾವುದು ಅಂತಲೂ ನೋಡಿಕೊಳ್ಳಿ. ಬಳ್ಳಾರಿಯ ಕಾಲೇಜಿನಲ್ಲೇ ಓದಿದ್ದರೂ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಬರುವ ಮುಂಚಿನ ಪದವಿ ಗುಲ್ಬರ್ಗ ವಿಶ್ವವಿದ್ಯಾಲಯದ್ದು. ಎಂಜಿನಿಯರಿಂಗ್ ಆದರೆ ಬೆಳಗಾವಿಯ ವಿಟಿಯು, ವೈದ್ಯಕೀಯ ಆದರೆ ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯ. ಪರಿಶೀಲನೆಯ ಪತ್ರ ಹೋಗುವುದು ಅಲ್ಲಿಗೆ, ನಿಮ್ಮ ಕಾಲೇಜಿಗಲ್ಲ.

ಕಾಗದಗಳ ಸಾಲು

ಅಪೊಸ್ಟಿಲ್ ಅಂದರೆ ದೂತಾವಾಸದ ಮೊಹರಿಲ್ಲದೆ ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪುವ ದೃಢೀಕರಣ. ಚೀನಾ 2023ರ ನವೆಂಬರ್ 7ರಿಂದ ಆ ಒಪ್ಪಂದದೊಳಗೆ ಬಂದಿದೆ. ಆದರೆ ಭಾರತ ಮತ್ತು ಚೀನಾ ನಡುವೆ ಆ ಒಪ್ಪಂದ ಜಾರಿಯಲ್ಲಿಲ್ಲ. ಇದನ್ನು ತಿಳಿಯದೆ ಅಪೊಸ್ಟಿಲ್ ಅಂಟಿಸಿಕೊಂಡು ಹೋದವರ ದುಡ್ಡು, ಸಮಯ ಎರಡೂ ಹಾಳಾಗುತ್ತವೆ. ಬೇಕಿರುವುದು ಹಳೆಯ ದಾರಿಯೇ: ಮೊದಲು ರಾಜ್ಯ ಸರ್ಕಾರದ ದೃಢೀಕರಣ (ಏಜೆಂಟರ ಬಾಯಲ್ಲಿ ಎಚ್‌ಆರ್‌ಡಿ), ಆಮೇಲೆ ವಿದೇಶಾಂಗ ಸಚಿವಾಲಯದ ಅಟೆಸ್ಟೇಷನ್, ಕೊನೆಗೆ ಚೀನಾ ದೂತಾವಾಸದ ಮೊಹರು. ಏಜೆಂಟರಿಗೆ ಕಾಗದ ಕೊಡುವಾಗ "ಅಪೊಸ್ಟಿಲ್ ಅಲ್ಲ, ಅಟೆಸ್ಟೇಷನ್ ಮತ್ತು ಎಂಬೆಸಿ" ಅಂತ ಬರೆದೇ ಕೊಡಿ.

ಹೀಗೆ ಮಾಡಿಸಬೇಕಾದವು ಎರಡು: ಅತ್ಯುನ್ನತ ಪದವಿ ಪ್ರಮಾಣಪತ್ರ ಮತ್ತು ಪೊಲೀಸ್ ಕ್ಲಿಯರೆನ್ಸ್. ಪೊಲೀಸ್ ಕ್ಲಿಯರೆನ್ಸ್ ಅನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದ ಮೂಲಕವೇ ತೆಗೆಸಬೇಕು, ಠಾಣೆಯಲ್ಲಿ ಬರೆಸಿಕೊಟ್ಟ ಚೀಟಿ ನಡೆಯುವುದಿಲ್ಲ. ಅದು 6 ತಿಂಗಳೊಳಗಿನದ್ದಾಗಿರಬೇಕು, ಹಾಗಾಗಿ ಪದವಿಯ ದೃಢೀಕರಣ ಮೊದಲು ಮುಗಿಸಿ, ಕ್ಲಿಯರೆನ್ಸ್ ಆಮೇಲೆ ತೆಗೆಸಿ. ಪಾಸ್‌ಪೋರ್ಟ್ ವಿಳಾಸ ಸಿಂಧನೂರಿನದು, ವಾಸ ಬಳ್ಳಾರಿಯಲ್ಲಿ ಅಂತಿದ್ದರೆ ಎರಡೂ ಕಡೆ ಪೊಲೀಸ್ ವಿಚಾರಣೆಗೆ ಸಮಯ ಹಿಡಿಯುತ್ತದೆ. ಹೆಂಡತಿ ಅಥವಾ ಗಂಡನನ್ನು ಕರೆದೊಯ್ಯುವವರು ಮದುವೆ ನೋಂದಣಿ ಪತ್ರವನ್ನೂ ಇದೇ ಸಾಲಿನಲ್ಲಿ ಮಾಡಿಸಬೇಕು. ಲಗ್ನಪತ್ರಿಕೆ, ಫೋಟೊ ಸಾಲದು, ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರವೇ ಬೇಕು. ಕುಟುಂಬಕ್ಕೆ ಸಿಗುವುದು ಎಸ್1 ವೀಸಾ, ಅದರಲ್ಲಿ ಕೆಲಸ ಮಾಡುವಂತಿಲ್ಲ.

ವೈದ್ಯಕೀಯ ತಪಾಸಣೆಗೆ ಚೀನಾದ ನಿಗದಿತ ಫಾರ್ಮ್ ಇದೆ: ಎದೆಯ ಎಕ್ಸ್‌ರೇ, ಇಸಿಜಿ, ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆ ಇರುತ್ತದೆ. ಆಸ್ಪತ್ರೆಯ ಮೊಹರು ಫೋಟೊದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬೀಳಬೇಕು. ಒಂದು ಕಾಲಂ ಖಾಲಿ ಬಿಟ್ಟರೂ ವಾಪಸ್ ಬರುತ್ತದೆ. ಎಕ್ಸ್‌ರೇ ಫಿಲ್ಮ್, ಮೂಲ ವರದಿ ಜೊತೆಗೆ ಒಯ್ಯಿರಿ. ಅಲ್ಲಿ ಒಪ್ಪದಿದ್ದರೆ ಮತ್ತೆ ಮಾಡಿಸುತ್ತಾರೆ.

ಎಲ್ಲ ಕಾಗದ ಸ್ಕ್ಯಾನ್ ಮಾಡಿ ಕಳಿಸಿದ ಮೇಲೆ ವಿಶ್ವವಿದ್ಯಾಲಯ ಆನ್‌ಲೈನ್ ಅರ್ಜಿ ಹಾಕಿ ವರ್ಕ್ ಪರ್ಮಿಟ್ ನೋಟಿಫಿಕೇಷನ್ ಪತ್ರ ತರಿಸುತ್ತದೆ. ಈ ಪತ್ರ ಕೈಗೆ ಬರುವ ತನಕ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ವಿಮಾನದ ಟಿಕೆಟ್ ತೆಗೆಯಬೇಡಿ. ಆಫರ್ ಲೆಟರ್, ಆಹ್ವಾನ ಪತ್ರ ಯಾವುದೂ ಇದಕ್ಕೆ ಸಮವಲ್ಲ. ಪತ್ರ ಬಂದ ಮೇಲೆ ಝೆಡ್ ವೀಸಾಕ್ಕೆ, ಅಂದರೆ ಕೆಲಸದ ವೀಸಾಕ್ಕೆ, ಅರ್ಜಿ. ಕರ್ನಾಟಕ ಮತ್ತು ಮಹಾರಾಷ್ಟ್ರ ಮುಂಬೈನ ಚೀನಾ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತವೆ, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರ. ಪದವಿ ಪತ್ರ ಕೈಗೆತ್ತಿಕೊಂಡ ದಿನದಿಂದ ವೀಸಾ ಅಂಟುವ ತನಕ ನಾಲ್ಕು ತಿಂಗಳು ಇಟ್ಟುಕೊಳ್ಳಿ. ಸೆಪ್ಟೆಂಬರ್ ಸೆಮಿಸ್ಟರ್‌ಗೆ ಹೋಗಬೇಕಾದವರು ಯುಗಾದಿ ಹೊತ್ತಿಗೆ ಕಾಗದ ಶುರು ಮಾಡಿರಬೇಕು.

ಕರಾರು ಓದುವಾಗ

ಚೀನೀ ಪ್ರತಿ, ಇಂಗ್ಲಿಷ್ ಪ್ರತಿ ಎರಡೂ ಇರುತ್ತವೆ. ಜಗಳ ಬಂದರೆ ಚೀನೀ ಪ್ರತಿಯೇ ನಡೆಯುವುದು ಸಾಮಾನ್ಯ. ಆದ್ದರಿಂದ ಸಹಿಗೆ ಮುಂಚೆ ಚೀನೀ ಪ್ರತಿಯನ್ನು ಬೇರೆಯವರಿಂದ ಓದಿಸಿ. ನೋಡಬೇಕಾದ್ದು ವಾರಕ್ಕೆ ಎಷ್ಟು ಪೀರಿಯಡ್ ಎಂಬುದು. ಸಾಮಾನ್ಯವಾಗಿ 12ರಿಂದ 18; ಒಂದು ಪೀರಿಯಡ್ 45 ನಿಮಿಷ, ಎರಡನ್ನು ಜೋಡಿಸಿ ಒಂದು ತರಗತಿ. ಹೀಗಾಗಿ 16 ಪೀರಿಯಡ್ ಅಂದರೆ ವಾರಕ್ಕೆ 8 ತರಗತಿ. ಅದಕ್ಕಿಂತ ಹೆಚ್ಚಾದರೆ ಪೀರಿಯಡ್‌ಗೆ ಎಷ್ಟು ಯುವಾನ್ ಅಂತ ಅಂಕಿಯಲ್ಲಿ ಬರೆದಿರಬೇಕು. ಆಫೀಸಿನಲ್ಲಿ ಕೂರುವ ಸಮಯ ಬೇರೆ ಇದೆಯಾ, ಎರಡನೇ ಕ್ಯಾಂಪಸ್‌ಗೆ ಹೋಗಬೇಕಾ ಅಂತ ಕೇಳಿ. ಎಷ್ಟೋ ವಿಶ್ವವಿದ್ಯಾಲಯಗಳ ಹೊಸ ಕ್ಯಾಂಪಸ್ ಊರಿಂದ ಗಂಟೆಗಟ್ಟಲೆ ದೂರ, ಬೆಳಿಗ್ಗೆ 8ರ ತರಗತಿಗೆ 6:30ರ ಬಸ್ ಹಿಡಿಯಬೇಕು.

ಸಂಬಳ 10 ತಿಂಗಳಿಗಾ, 12 ತಿಂಗಳಿಗಾ? ಜುಲೈ, ಆಗಸ್ಟ್ ಮತ್ತು ಚೈನೀಸ್ ಹೊಸ ವರ್ಷದ ರಜೆಗೆ ಹಣ ಬರುತ್ತದೆಯಾ? ಈ ಒಂದು ಸಾಲಿಗೆ ಎರಡು ತಿಂಗಳ ಸಂಬಳದ ವ್ಯತ್ಯಾಸ. ಒಂದು ವರ್ಷದ ಕರಾರಿಗೆ ಪ್ರೊಬೇಷನ್ 2 ತಿಂಗಳು ಮೀರುವಂತಿಲ್ಲ ಎಂದು ಚೀನಾದ ಕಾರ್ಮಿಕ ಕರಾರು ಕಾಯ್ದೆ ಹೇಳುತ್ತದೆ. ಕರಾರು ಮುರಿದರೆ ಕೊಡಬೇಕಾದ ದಂಡ ಎಷ್ಟು ಎಂಬುದನ್ನು ಗುರುತು ಹಾಕಿಕೊಳ್ಳಿ. ಪೋಸ್ಟ್‌ಡಾಕ್ ಆದರೆ ಎರಡು ವರ್ಷದಲ್ಲಿ ಎಷ್ಟು ಪ್ರಬಂಧ, ಯಾವ ದರ್ಜೆಯ ಪತ್ರಿಕೆಯಲ್ಲಿ, ಮೊದಲ ವಿಳಾಸ ಯಾವ ಸಂಸ್ಥೆಯದು ಎಂಬುದು ಬರಹದಲ್ಲಿರಲಿ. ಸಂಬಳದ ಒಂದು ಪಾಲನ್ನು ಗುರಿ ಮುಟ್ಟಿದ ಮೇಲೆ ಕೊಡುವ ಕ್ರಮ ಕೆಲವೆಡೆ ಇದೆ.

ಸಂಬಳ, ತೆರಿಗೆ, ಊರಿಗೆ ಹಣ

ಸಾಮಾನ್ಯ ವಿದೇಶಿ ಶಿಕ್ಷಕರ ಜಾಹೀರಾತುಗಳಲ್ಲಿ ತಿಂಗಳಿಗೆ 8,000ದಿಂದ 15,000 ಯುವಾನ್, ಜೊತೆಗೆ ಕ್ಯಾಂಪಸ್ ಮನೆ ಅಥವಾ ಬಾಡಿಗೆ ಭತ್ಯೆ, ವರ್ಷಕ್ಕೊಮ್ಮೆ ವಿಮಾನದ ಹಣ ಕಾಣುತ್ತವೆ. 2025ರಲ್ಲಿ ಒಂದು ಯುವಾನ್ ಸುಮಾರು 12 ರೂಪಾಯಿ ಇತ್ತು. ಕೈಗೆ ಬರುವುದು ಎಷ್ಟು ಅಂತ ಒಂದು ಲೆಕ್ಕ ಹಿಡಿದು ನೋಡೋಣ.

ತಿಂಗಳಿಗೆ 12,000 ಯುವಾನ್, ಜನವರಿಯಿಂದ ಡಿಸೆಂಬರ್ ತನಕ ಅಲ್ಲೇ ಕೆಲಸ ಅಂದುಕೊಳ್ಳಿ. 5,000 ತೆರಿಗೆಮುಕ್ತ, ಉಳಿದ 7,000ಕ್ಕೆ ತೆರಿಗೆ. ಆದರೆ ಅಲ್ಲಿ ತೆರಿಗೆ ಹಿಡಿಯುವುದು ವರ್ಷದ ಮೊತ್ತ ಕೂಡಿಸುತ್ತಾ: ಮೊದಲ 36,000ಕ್ಕೆ ಶೇ 3, ಅಲ್ಲಿಂದ 1,44,000ದ ತನಕ ಶೇ 10. ಹಾಗಾಗಿ ಮೊದಲ ಐದು ತಿಂಗಳು 210 ಯುವಾನ್ ಕಡಿತ, ಆರನೇ ತಿಂಗಳು 630, ಏಳರಿಂದ ತಿಂಗಳಿಗೆ 700. ವರ್ಷಕ್ಕೆ ಒಟ್ಟು 5,880. ಜೂನ್‌ನಲ್ಲಿ ಸಂಬಳ ಇಳಿದಾಗ ಅಕೌಂಟ್ಸ್ ವಿಭಾಗದ ಜೊತೆ ಜಗಳಕ್ಕೆ ನಿಲ್ಲಬೇಡಿ, ಅದು ಹೀಗೇ. ಸೆಪ್ಟೆಂಬರ್‌ನಲ್ಲಿ ಹೋದವರು ಆ ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಮುಟ್ಟದ ಕಾರಣ ಅನಿವಾಸಿಗಳ ಬೇರೆ ತೆರಿಗೆ ದರಪಟ್ಟಿಗೆ ಬೀಳಬಹುದು, ಆಗ ಕಡಿತ ಇನ್ನೂ ಸ್ವಲ್ಪ ಹೆಚ್ಚು.

ಸಾಮಾಜಿಕ ವಿಮೆಯೂ ಇದೆ: ನೌಕರರ ಪಾಲು ಪಿಂಚಣಿಗೆ ಶೇ 8, ವೈದ್ಯಕೀಯಕ್ಕೆ ಸುಮಾರು ಶೇ 2, ನಿರುದ್ಯೋಗಕ್ಕೆ ಶೇ 0.5. 2011ರ ಅಕ್ಟೋಬರ್‌ನಿಂದ ವಿದೇಶಿಯರಿಗೂ ಇದು ಅನ್ವಯ. ಜರ್ಮನಿ, ಕೊರಿಯಾದಂಥ ದೇಶಗಳಿಗೆ ವಿನಾಯಿತಿ ಒಪ್ಪಂದ ಇದೆ, ಭಾರತಕ್ಕೆ ಇಲ್ಲ. ಪಿಂಚಣಿಯ ವೈಯಕ್ತಿಕ ಖಾತೆಯ ಹಣವನ್ನು ದೇಶ ಬಿಡುವಾಗ ಒಟ್ಟಿಗೆ ಪಡೆಯಬಹುದು, ಅರ್ಜಿ ಹಾಕಿದರೆ ಮಾತ್ರ.

ಊರಿಗೆ ಹಣ ಕಳಿಸಲು ಬ್ಯಾಂಕಿಗೆ ಪಾಸ್‌ಪೋರ್ಟ್, ಕರಾರು, ಸಂಬಳದ ಚೀಟಿ, ತೆರಿಗೆ ಕಟ್ಟಿದ ದಾಖಲೆ ಒಯ್ಯಬೇಕು. ತೆರಿಗೆ ದಾಖಲೆ ಸರ್ಕಾರಿ ಆ್ಯಪ್‌ನಲ್ಲಿ ಸಿಗುತ್ತದೆ. ಇವಿಲ್ಲದೆ ದಿನಕ್ಕೆ 500 ಡಾಲರ್‌ಗಿಂತ ಹೆಚ್ಚು ಬದಲಾಯಿಸಿಕೊಡುವುದಿಲ್ಲ. ಪ್ರತಿ ತಿಂಗಳು ಕಳಿಸುವ ಬದಲು ಮೂರು ತಿಂಗಳಿಗೊಮ್ಮೆ ಕಳಿಸಿದರೆ ಸ್ವಿಫ್ಟ್ (ವಿದೇಶಿ ಬ್ಯಾಂಕ್ ವರ್ಗಾವಣೆ) ಶುಲ್ಕ ಉಳಿಯುತ್ತದೆ. ಹೊರಡುವ ಮುಂಚೆ ಇಲ್ಲಿನ ಬ್ಯಾಂಕ್‌ನಲ್ಲಿ ಎನ್‌ಆರ್‌ಇ ಖಾತೆಗೆ (ವಿದೇಶದ ಗಳಿಕೆ ಇಡುವ ಅನಿವಾಸಿ ಖಾತೆ) ಅರ್ಜಿ ತುಂಬಿ, ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಇಲ್ಲಿನ ಆದಾಯಕ್ಕೆ ಇರುವ ಅನಿವಾಸಿ ಖಾತೆ) ಮಾಡಿಸಿ. ಶಾಖೆಯ ಸ್ವಿಫ್ಟ್ ಕೋಡ್ ಬರೆದುಕೊಳ್ಳಿ. ಜಿಲ್ಲಾ ಕೇಂದ್ರದ ಎಲ್ಲ ಶಾಖೆಗಳಿಗೂ ಸ್ವಿಫ್ಟ್ ಕೋಡ್ ಇರುವುದಿಲ್ಲ, ಆಗ ಅವರ ಬೆಂಗಳೂರು ಅಥವಾ ಮುಂಬೈ ಶಾಖೆಯದನ್ನು ಕೊಡುತ್ತಾರೆ.

ಭಾರತದ ಆದಾಯ ತೆರಿಗೆಯಲ್ಲಿ ಒಂದು ಸೂಕ್ಷ್ಮವಿದೆ. ಉದ್ಯೋಗಕ್ಕೆ ಹೊರಟವರು ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ. ಏಪ್ರಿಲ್ 1ರಿಂದ ಆಗಸ್ಟ್ 31ಕ್ಕೆ 153 ದಿನ ಆಗಿಹೋಗಿರುತ್ತದೆ. ಜನವರಿ-ಫೆಬ್ರುವರಿ ರಜೆಯಲ್ಲಿ ಊರಿಗೆ ಬಂದು ಪೂರ್ತಿ ಒಂದು ತಿಂಗಳು ಇದ್ದರೆ 182 ದಾಟಿತು, ಚೀನಾದ ಸಂಬಳಕ್ಕೆ ಇಲ್ಲೂ ಲೆಕ್ಕ ಕೊಡಬೇಕು. ಮೊದಲ ವರ್ಷ ಚಳಿಗಾಲದ ರಜೆಯನ್ನು ಮೂರು ವಾರಕ್ಕೆ ಮೊಟಕು ಮಾಡುವುದು ಒಳ್ಳೆಯದು.

ಇಳಿದ ಮೊದಲ ತಿಂಗಳು

2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಗೆ ಕೋಲ್ಕತ್ತ-ಗ್ವಾಂಗ್‌ಜೌ ಮಾರ್ಗದಿಂದ ಮತ್ತೆ ಶುರುವಾದವು. ನಮ್ಮ ಭಾಗದವರಿಗೆ ಬೆಂಗಳೂರು ಅಥವಾ ಹೈದರಾಬಾದ್‌ನಿಂದ ಬ್ಯಾಂಕಾಕ್, ಕೌಲಾಲಂಪುರ, ಸಿಂಗಪುರ ದಾರಿಯೂ ಅನುಕೂಲ.

ವಿಶ್ವವಿದ್ಯಾಲಯದಲ್ಲಿ ವಿದೇಶಿಯರನ್ನು ನೋಡಿಕೊಳ್ಳುವ ಕಚೇರಿಗೆ ವೈಬಾನ್ ಅನ್ನುತ್ತಾರೆ. ಅಲ್ಲಿನ ಒಬ್ಬ ಸಿಬ್ಬಂದಿ ನಿಮ್ಮ ಕೈಹಿಡಿದು ಓಡಾಡಿಸುತ್ತಾರೆ, ಅವರ ಜೊತೆ ಸಂಬಂಧ ಚೆನ್ನಾಗಿರಲಿ. ಇಳಿದ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ವಾಸಸ್ಥಳ ನೋಂದಣಿ ಆಗಬೇಕು; ಹೋಟೆಲ್‌ನಲ್ಲಿದ್ದರೆ ಅವರೇ ಮಾಡುತ್ತಾರೆ. ತಪ್ಪಿದರೆ 2,000 ಯುವಾನ್ ತನಕ ದಂಡ. ಮನೆ ಬದಲಿಸಿದಾಗ, ಹೊಸ ಪಾಸ್‌ಪೋರ್ಟ್ ಬಂದಾಗ ಮತ್ತೆ ಮಾಡಿಸಬೇಕು. ದೇಶ ಬಿಟ್ಟು ಮರಳಿದಾಗಲೂ ಮತ್ತೆ ಮಾಡಿಸಬೇಕಾ ಅಂತ ಅದೇ ಠಾಣೆಯಲ್ಲಿ ಕೇಳಿಕೊಳ್ಳಿ. 15 ದಿನದೊಳಗೆ ವರ್ಕ್ ಪರ್ಮಿಟ್ ಅರ್ಜಿ, 30 ದಿನದೊಳಗೆ ವಾಸದ ಪರವಾನಗಿ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಯುವಾನ್‌ನಂತೆ 10,000ದ ತನಕ ದಂಡ. ಪರವಾನಗಿಗೆ ಪಾಸ್‌ಪೋರ್ಟ್ ಎರಡು ಮೂರು ವಾರ ಪೊಲೀಸರ ಬಳಿ ಇರುತ್ತದೆ, ಆ ಅವಧಿಯಲ್ಲಿ ಬ್ಯಾಂಕ್‌ನಂಥ ಕೆಲಸ ಆಗುವುದು ಕಷ್ಟ. ಆದ್ದರಿಂದ ಅದನ್ನು ಒಪ್ಪಿಸುವ ಮುಂಚೆಯೇ ಸಿಮ್ ಮತ್ತು ಬ್ಯಾಂಕ್ ಖಾತೆ ಮುಗಿಸಿಕೊಳ್ಳಲು ನೋಡಿ.

ಖಾತೆ ತೆರೆಯುವಾಗ ಹೆಸರಿನ ಕಥೆ ಮತ್ತೆ ಬರುತ್ತದೆ. ಬ್ಯಾಂಕಿನವರು ಹೆಸರು ಹೊಡೆದ ಕ್ರಮ, ಅಕ್ಷರ, ಜಾಗ ಬಿಟ್ಟದ್ದು ಎಲ್ಲವನ್ನೂ ಫೋಟೊ ತೆಗೆದುಕೊಳ್ಳಿ. ಅಲಿಪೇ, ವೀಚಾಟ್‌ನಲ್ಲಿ ಅದನ್ನೇ ಅಚ್ಚುಕಟ್ಟಾಗಿ ತುಂಬದಿದ್ದರೆ ಕಾರ್ಡ್ ಜೋಡಣೆಯಾಗುವುದಿಲ್ಲ. ಅಂಗಡಿ, ಬಸ್ಸು, ಕ್ಯಾಂಟೀನು, ಕಾಯಿಪಲ್ಯೆ ಗಾಡಿ ಎಲ್ಲ ಕಡೆ ಕ್ಯೂಆರ್. ಮೊದಲ ದಿನಗಳಿಗೆ ಭಾರತದ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡನ್ನು ಅಲಿಪೇಗೆ ಜೋಡಿಸಬಹುದು, 200 ಯುವಾನ್ ಒಳಗಿನ ಪಾವತಿಗೆ ಹೆಚ್ಚುವರಿ ಶುಲ್ಕ ಇಲ್ಲ, ಮೇಲಾದರೆ ಶೇ 3. ಯುಪಿಐ ನೆಚ್ಚಿಕೊಂಡು ಹೋಗಬೇಡಿ. ಮೊದಲ ಸಂಬಳಕ್ಕೆ ಒಂದೂವರೆ ತಿಂಗಳು ಆಗಬಹುದು, 6,000 ಯುವಾನ್‌ನಷ್ಟು ಡಾಲರ್ ಇಟ್ಟುಕೊಂಡು ಹೋಗಿ.

ಮನೆಯವರೊಡನೆ ಮಾತು

ಇದನ್ನು ಹೊರಡುವ ಮೊದಲೇ ಹೊಂದಿಸದಿದ್ದರೆ ಊರಲ್ಲಿ ತಂದೆ ತಾಯಿ ದಿಗಿಲುಪಡುತ್ತಾರೆ. ಅಲ್ಲಿ ವಾಟ್ಸಾಪ್, ಜಿಮೇಲ್, ಗೂಗಲ್, ಯೂಟ್ಯೂಬ್ ತೆರೆಯುವುದಿಲ್ಲ. ಅಲ್ಲಿ ನಡೆಯುವ ವೀಚಾಟ್ ಇಲ್ಲಿ 2020ರ ಜೂನ್‌ನಿಂದ ನಿಷೇಧ. ಎರಡೂ ಕಡೆ ನಡೆಯುವುದು ಕೆಲವೇ: ಮೈಕ್ರೊಸಾಫ್ಟ್ ಟೀಮ್ಸ್, ಎರಡೂ ಕಡೆ ಐಫೋನ್ ಇದ್ದರೆ ಫೇಸ್‌ಟೈಮ್ ವಿಡಿಯೊ. ಭಾರತದ ಸಿಮ್ ರೋಮಿಂಗ್ ಡೇಟಾದಲ್ಲಿ ವಾಟ್ಸಾಪ್ ತೆರೆಯುತ್ತದೆ, ಖರ್ಚು ಜಾಸ್ತಿ. ಹೊರಡುವ ಮುಂಚೆ ಮನೆಯ ಫೋನ್‌ನಲ್ಲಿ ಟೀಮ್ಸ್ ಹಾಕಿ ಪಕ್ಕದ ಕೋಣೆಯಿಂದ ಎರಡು ಸಲ ಕರೆ ಮಾಡಿ ಅಭ್ಯಾಸ ಮಾಡಿಸಿ. ವಿಶ್ವವಿದ್ಯಾಲಯಕ್ಕೆ, ಬ್ಯಾಂಕಿಗೆ ಔಟ್‌ಲುಕ್ ಇಮೇಲ್ ಕೊಡಿ. ಅನುಮತಿಯಿಲ್ಲದ ವಿಪಿಎನ್ ಅಲ್ಲಿ ಕಾನೂನುಬಾಹಿರ. ಭಾರತದ ಸಿಮ್‌ಗೆ ಅಂತಾರಾಷ್ಟ್ರೀಯ ರೋಮಿಂಗ್ ಸಕ್ರಿಯವಾಗಿರಲಿ, ಇಲ್ಲದಿದ್ದರೆ ಇಲ್ಲಿನ ಬ್ಯಾಂಕಿನ ಒಟಿಪಿ ಬರುವುದಿಲ್ಲ. ಚೀನಾ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 10 ಅಂದರೆ ಇಲ್ಲಿ 7:30, ಮಾತಿಗೆ ಒಳ್ಳೆಯ ಹೊತ್ತು.

ವೀಚಾಟ್ ಖಾತೆಯನ್ನು ಚೀನಾದ ಸಿಮ್‌ನಲ್ಲೇ ತೆರೆಯಿರಿ. ಆಂಡ್ರಾಯ್ಡ್‌ನಲ್ಲಿ ಪ್ಲೇಸ್ಟೋರ್ ಸಿಗದು, ಕಂಪನಿಯ ಜಾಲತಾಣದಿಂದ ಇಳಿಸಬೇಕು. ಹಳೆಯ ಬಳಕೆದಾರರೊಬ್ಬರು ಕ್ಯೂಆರ್ ಸ್ಕ್ಯಾನ್ ಮಾಡಿ ಖಾತ್ರಿಪಡಿಸಬೇಕಾಗಬಹುದು, ವೈಬಾನ್‌ನವರು ಮಾಡುತ್ತಾರೆ.

ಮನೆ, ಚಳಿ, ಅಡುಗೆ

ಕ್ಯಾಂಪಸ್‌ನಲ್ಲಿ ವಿದೇಶಿ ಶಿಕ್ಷಕರಿಗೆ ಕೊಡುವ ವಸತಿಯಲ್ಲಿ ಒಂದು ಮಲಗುವ ಕೋಣೆ, ಸಣ್ಣ ಅಡುಗೆಮನೆ, ವಾಷಿಂಗ್ ಮೆಷಿನ್, ಎಸಿ ಇರುತ್ತವೆ. ವಿದ್ಯುತ್ ಮಿತಿ ತಿಂಗಳಿಗೆ ಎಷ್ಟು ಯೂನಿಟ್ ಅಂತ ಕೇಳಿ. ಹೋದ ದಿನವೇ ಗೋಡೆ, ಹಾಸಿಗೆ, ಸಾಮಾನುಗಳ ಫೋಟೊ ತೆಗೆದು ವೈಬಾನ್‌ಗೆ ಕಳಿಸಿ, ಠೇವಣಿ ವಾಪಸ್ ಬರುವಾಗ ಅದೇ ಸಾಕ್ಷಿ. ನಲ್ಲಿ ನೀರು ನೇರ ಕುಡಿಯುವಂತಿಲ್ಲ, ಕುದಿಸಬೇಕು.

ರಾಯಚೂರಿನ 44 ಡಿಗ್ರಿ ಬಿಸಿಲು ಕಂಡವರಿಗೆ ಚಳಿಯ ವಿಷಯದಲ್ಲಿ ಒಂದು ಮಾತು ಮನದಟ್ಟಾಗಬೇಕು: ಹೊರಗಿನ ಚಳಿಗಿಂತ ಒಳಗಿನ ಚಳಿ ಕಾಡುತ್ತದೆ. ಹ್ವೈ ನದಿ ಮತ್ತು ಚಿನ್‌ಲಿಂಗ್ ಬೆಟ್ಟಸಾಲಿನ ಉತ್ತರಕ್ಕೆ ಕಟ್ಟಡಗಳಿಗೆ ಕೇಂದ್ರೀಯ ತಾಪನ ಇದೆ, ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15. ಹಾರ್ಬಿನ್‌ನಲ್ಲಿ ಹೊರಗೆ ಮೈನಸ್ 20 ಇದ್ದರೂ ಮನೆಯೊಳಗೆ ಬನಿಯನ್‌ನಲ್ಲಿ ಕೂರಬಹುದು. ವುಹಾನ್, ನಾನ್‌ಜಿಂಗ್, ಹಾಂಗ್‌ಜೌನಲ್ಲಿ ಆ ವ್ಯವಸ್ಥೆ ಇಲ್ಲ. ಹೊರಗೆ 3 ಡಿಗ್ರಿ ಇದ್ದರೆ ತರಗತಿಯಲ್ಲೂ ಹೆಚ್ಚು ಕಡಿಮೆ ಅಷ್ಟೇ, ಕೋಟು ತೆಗೆಯದೆ ಪಾಠ ಮಾಡಬೇಕು. ಎರಡು ಜೊತೆ ಥರ್ಮಲ್ ಒಳಉಡುಪು ಒಯ್ಯಿರಿ, ದಪ್ಪ ಜಾಕೆಟ್ ಅಲ್ಲೇ ಕೊಳ್ಳಿ.

ಇಲ್ಲಿನ ಅಲ್ಯುಮಿನಿಯಂ ಕುಕ್ಕರ್ ಅಲ್ಲಿ ಕೆಲಸಕ್ಕೆ ಬಾರದು. ಕ್ಯಾಂಪಸ್ ಮನೆಗಳಲ್ಲಿ ಹೆಚ್ಚಾಗಿ ಇಂಡಕ್ಷನ್ ಒಲೆ, ಅದಕ್ಕೆ ಅಯಸ್ಕಾಂತ ಅಂಟುವ ತಳ ಬೇಕು. ಮೂರು ಲೀಟರಿನ ಸ್ಟೀಲ್ ಕುಕ್ಕರ್, ಎರಡು ಹೆಚ್ಚುವರಿ ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಒಯ್ಯಿರಿ. ಗ್ಯಾಸ್ಕೆಟ್ ಅಲ್ಲಿ ನಮ್ಮ ಅಳತೆಗೆ ಸಿಗುವುದಿಲ್ಲ. ವಿದ್ಯುತ್ 220 ವೋಲ್ಟ್, 50 ಹರ್ಟ್ಸ್, ಹಾಗಾಗಿ ಮಿಕ್ಸಿ ಓಡುತ್ತದೆ, ಆದರೆ ನಮ್ಮ ದುಂಡು ಪಿನ್ ಅಲ್ಲಿನ ಚಪ್ಪಟೆ ತೂತಿಗೆ ಹೋಗದು, ಅಡಾಪ್ಟರ್ ಬೇಕು.

ಆಹಾರ ಒಯ್ಯುವಾಗ ಕಸ್ಟಮ್ಸ್ ನಿಯಮ ನೆನಪಿರಲಿ: ಹಾಲಿನ ಪದಾರ್ಥ, ಮಾಂಸ, ತಾಜಾ ಹಣ್ಣು ತರಕಾರಿ, ಬಿತ್ತನೆಗೆ ಬರುವ ಕಾಳು ನಿಷಿದ್ಧ. ತುಪ್ಪದ ಡಬ್ಬಿ, ಕರಿಬೇವು, ಇಡೀ ಜೋಳ ಬಿಟ್ಟುಹೋಗಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಪುಡಿ ಗಾಳಿಯಾಡದಂತೆ ಕಟ್ಟಿಸಿ ಒಯ್ಯಿರಿ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡದಿದ್ದರೆ ಪುಡಿಯೇ ಸಿಗುವುದು. ಮುಗಿದ ಮೇಲೆ ಚಿಂತೆ ಬೇಡ, ನಮ್ಮ ಜೋಳವೇ ಅಲ್ಲಿ ಗಾವ್‌ಲ್ಯಾಂಗ್. ಅದರ ಹಿಟ್ಟು ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ; ಕೆಂಪು ಬಣ್ಣದ್ದು ಬಂದರೆ ಸ್ವಲ್ಪ ಒಗರು, ಕುದಿನೀರಲ್ಲಿ ನಾದಿದರೆ ರೊಟ್ಟಿ ಬಡಿಯಲು ಬರುತ್ತದೆ. ಈಶಾನ್ಯ ಚೀನಾದ ಅಕ್ಕಿ ಅಂಟು. ಗಂಗಾವತಿ ಸೋನಾ ಮಸೂರಿಯ ರೂಢಿ ಇದ್ದವರು ಸಿಮ್ಯಾವ್ ಮಿ ಅಂತ ಕೇಳಿ, ಅದು ಉದುರು ಅಕ್ಕಿ. ಹೆಸರುಕಾಳು ಎಲ್ಲೆಡೆ ಸಿಗುತ್ತದೆ, ತೊಗರಿಬೇಳೆ ಸಿಗುವುದು ಕಷ್ಟ, ಎರಡು ಮೂರು ಕಿಲೋ ಒಡೆದ ಬೇಳೆ ಪ್ಯಾಕ್ ಇರಲಿ.

ಸಸ್ಯಾಹಾರಿಗಳು "ವೊ ಚ್ಷಿ ಸು" (ನಾನು ಸಸ್ಯಾಹಾರಿ) ಅಂತ ಹೇಳಿದರೆ ಸಾಲದು. ತರಕಾರಿ ಪಲ್ಯವನ್ನೂ ಹಂದಿ ಕೊಬ್ಬಿನಲ್ಲಿ ಹುರಿಯುವುದು, ಮಾಂಸದ ಸಾರು ಹಾಕುವುದು ರೂಢಿ. ಎರಡನ್ನೂ ಬೇಡ ಅಂತ ಚೀನೀ ಭಾಷೆಯಲ್ಲಿ ಬರೆಸಿದ ಚೀಟಿ ತೋರಿಸಿ. ಹಂದಿ ಬೇಡದವರಿಗೆ ಕ್ಯಾಂಪಸ್‌ನ ಚಿಂಗ್‌ಜೆನ್ (ಹಲಾಲ್) ಕ್ಯಾಂಟೀನ್ ಇದೆ. ಊಟ 11:30ಕ್ಕೆ, ರಾತ್ರಿಯದು 5:30ಕ್ಕೆ. 7 ಗಂಟೆಗೆ ಹೋದರೆ ತಣ್ಣಗಾದದ್ದು ಮಾತ್ರ ಉಳಿದಿರುತ್ತದೆ.

ತರಗತಿಯೊಳಗೆ

ಪಾಠಕ್ಕಿಂತ ಕಾಗದದಲ್ಲೇ ಹೆಚ್ಚು ಜನ ಎಡವುತ್ತಾರೆ. ಸೆಮಿಸ್ಟರ್ ಶುರುವಿಗೆ ವಾರವಾರದ ಬೋಧನಾ ಪಟ್ಟಿ, ಕೊನೆಗೆ ಎ ಮತ್ತು ಬಿ ಎರಡು ಪ್ರಶ್ನೆಪತ್ರಿಕೆ, ಮಾದರಿ ಉತ್ತರ, ಅಂಕ ಹಂಚಿಕೆ, ಫಲಿತಾಂಶ ವಿಶ್ಲೇಷಣೆ ಕೊಡಬೇಕು. ಪಾಸಿಗೆ 60. ಕೆಂಪು ಪೆನ್ನಿನಲ್ಲೇ ತಿದ್ದಬೇಕು, ತಿದ್ದಿದ ಅಂಕ ಮತ್ತೆ ಬದಲಿಸಿದರೆ ಪಕ್ಕದಲ್ಲಿ ಸಹಿ ಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು "ಜ್ಯಾವ್‌ಶ್ವೆ ಷಿಗು", ಅಂದರೆ ಬೋಧನಾ ಅಪಘಾತ. ಐದು ನಿಮಿಷ ತಡವಾಗಿ ಹೋಗುವುದು, ಬೇಗ ಬಿಡುವುದು, ಅನುಮತಿ ಇಲ್ಲದೆ ವಿದ್ಯಾರ್ಥಿಗಳ ಜೊತೆ ಮಾತಾಡಿಕೊಂಡು ತರಗತಿಯನ್ನು ಬೇರೆ ದಿನಕ್ಕೆ ಹಾಕುವುದು ಇದರಲ್ಲಿ ಬರುತ್ತವೆ. ನಮ್ಮಲ್ಲಿ ಸಹಜವಾದ ಹೊಂದಾಣಿಕೆ ಅಲ್ಲಿ ದಾಖಲಾಗಿ ಸಂಬಳಕ್ಕೆ, ನವೀಕರಣಕ್ಕೆ ಕುತ್ತು ತರುತ್ತದೆ. ಬದಲಾವಣೆ ಬೇಕೆಂದರೆ ತ್ಯಾವ್‌ಖ (ತರಗತಿ ಬದಲಿಸುವ) ಅರ್ಜಿ ಮೊದಲೇ ಕೊಡಿ. ಹಿರಿಯ ಪರಿವೀಕ್ಷಕರು ಹೇಳದೆ ಕೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಪಾಠ ನಿಲ್ಲಿಸಬೇಡಿ. ರಜೆಯ ಲೆಕ್ಕವೂ ಬೇರೆ: ಅಕ್ಟೋಬರ್ 1ರ ರಾಷ್ಟ್ರೀಯ ರಜೆಗೆ ಬದಲಾಗಿ ಶನಿವಾರ ಅಥವಾ ಭಾನುವಾರ ತರಗತಿ ನಡೆಯುತ್ತದೆ, ಯಾವ ವಾರದ ದಿನದ ವೇಳಾಪಟ್ಟಿ ಎಂಬುದನ್ನು ತರಗತಿಯ ಬಾನ್‌ಜಾಂಗ್‌ಗೆ (ವಿದ್ಯಾರ್ಥಿ ನಾಯಕ) ಕೇಳಿ ಖಾತ್ರಿ ಮಾಡಿಕೊಳ್ಳಿ.

ಗಡಿ ತೋರಿಸುವ ನಕ್ಷೆಗಳು ಸ್ಲೈಡ್‌ನಲ್ಲಿ, ಬ್ಯಾಗ್‌ನಲ್ಲಿ ಬೇಡ. ಧರ್ಮ ಪ್ರಚಾರ, ರಾಜಕೀಯ ಚರ್ಚೆ ತರಗತಿಯಲ್ಲಿ ಬೇಡ. ಬೇರೆ ಕಡೆ ಟ್ಯೂಷನ್ ಹೇಳುವುದು ಪರ್ಮಿಟ್ ಉಲ್ಲಂಘನೆ, ಎಷ್ಟೇ ಕೊಡುತ್ತೇವೆ ಅಂದರೂ.

ಬಿಡುವಾಗ

ಮುಂದುವರಿಯುವುದಿಲ್ಲ ಅಂತ ಕನಿಷ್ಠ 30 ದಿನ ಮುಂಚೆ ಬರಹದಲ್ಲಿ ತಿಳಿಸಿ. ಹೊರಡುವ ಮುನ್ನ ಎರಡು ಕಾಗದ ಕೈಯಲ್ಲಿರಬೇಕು: ವರ್ಕ್ ಪರ್ಮಿಟ್ ರದ್ದತಿ ಪತ್ರ ಮತ್ತು ಬಿಡುಗಡೆ ಪತ್ರ. ಇವಿಲ್ಲದೆ ಚೀನಾದಲ್ಲಿ ಮುಂದಿನ ಯಾವ ವಿಶ್ವವಿದ್ಯಾಲಯವೂ ಹೊಸ ಪರ್ಮಿಟ್ ಮಾಡಿಸಲಾಗದು. ಪಿಂಚಣಿ ಅರ್ಜಿಯನ್ನು ಪರ್ಮಿಟ್ ರದ್ದಾದ ವಾರದಲ್ಲೇ ಕೊಡಿ, ಆ ಹಣ ಬರುವ ತನಕ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ, ಆ ಖಾತೆಗೆ ಜೋಡಿಸಿದ ಚೀನಾದ ಸಿಮ್‌ಗೆ ಆರು ತಿಂಗಳ ರೀಚಾರ್ಜ್ ಹಾಕಿಸಿ ಊರಿಗೆ ತನ್ನಿ.